ಸೇವ್ ಫೈಲ್ ಕೆಡುವ ಆಟವನ್ನು ಹೇಳಿದ ದಿನಕ್ಕೇ ಬಿಡಬೇಕೆ, ಮುಂದೂಡಬೇಕೆ?

ಪ್ರಶ್ನೆ: ಮೇಡಂ, ನಾವು ಶಿಡ್ಲಘಟ್ಟ ತಾಲ್ಲೂಕಿನ ನಾಲ್ವರು ಸ್ನೇಹಿತರು. ನಮ್ಮಲ್ಲಿಬ್ಬರ ಮನೆಗಳಲ್ಲಿ ಈಗಲೂ ಹುಳು ಸಾಕುತ್ತಾರೆ. ಎರಡೂವರೆ ವರ್ಷದಿಂದ ರೇಷ್ಮೆ ಸಾಕಣೆಯನ್ನೇ ವಸ್ತುವಾಗಿಟ್ಟುಕೊಂಡು ಒಂದು ಕಂಪ್ಯೂಟರ್ ಆಟ ಮಾಡುತ್ತಿದ್ದೇವೆ. ಆಗಸ್ಟ್ 28ಕ್ಕೆ ಸ್ಟೀಮ್ ಎಂಬ ಆನ್‌ಲೈನ್ ಆಟಗಳ ಅಂಗಡಿಯಲ್ಲಿ ಬಿಡುಗಡೆ ಎಂದು ಪ್ರಕಟಿಸಿದ್ದೇವೆ, ಸುಮಾರು ಮೂರು ಸಾವಿರ ಜನ ಅಲ್ಲಿ ತಮ್ಮ ವಿಶ್‌ಲಿಸ್ಟ್‌ಗೆ (ಬೇಕೆನಿಸಿದ ಆಟಗಳ ಪಟ್ಟಿಗೆ) ಸೇರಿಸಿಕೊಂಡಿದ್ದಾರೆ. ಇನ್ನು ಏಳು ವಾರ ಉಳಿದಿದೆ. ನಾಲ್ಕೈದು ಗಂಟೆ ಆಡಿದ ಮೇಲೆ ಕೆಲವೊಮ್ಮೆ ಸೇವ್ ಫೈಲ್ (ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಡುವ ಕಡತ) ತೆರೆಯುವುದಿಲ್ಲ. ನಾವು ಬಳಸುವ ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ (ಆಟ ಕಟ್ಟುವ ತಂತ್ರಾಂಶದಲ್ಲಿ) ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಆಟ ತಡವರಿಸುತ್ತದೆ. ಮಳೆಗಾಲದ ಅಧ್ಯಾಯ ಅರ್ಧಕ್ಕೇ ನಿಂತಿದೆ. ಫೋನ್ ಆವೃತ್ತಿಯನ್ನೂ ಅದೇ ದಿನ ತರುವ ಯೋಚನೆಯಿತ್ತು. ಇಬ್ಬರು ಮುಂದೂಡೋಣ ಎನ್ನುತ್ತಾರೆ, ಇಬ್ಬರು ಈಗ ಬಿಟ್ಟು ಆಮೇಲೆ ಸರಿಪಡಿಸೋಣ ಎನ್ನುತ್ತಾರೆ. ಒಬ್ಬ ಸ್ನೇಹಿತನ ಸಂಬಳವಿಲ್ಲದ ರಜೆ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಏನು ಮಾಡಬೇಕು?

ಉತ್ತರ: ಮುಂದೂಡಿ. ಆದರೆ ನೀವು ಬರೆದಿರುವ ತೊಂದರೆಗಳಲ್ಲಿ ಮೊದಲ ಎರಡಕ್ಕಾಗಿ ಮಾತ್ರ ಮುಂದೂಡಿ, ಮೂರನೆಯದಕ್ಕೆ ಒಂದು ವಾರಕ್ಕಿಂತ ಹೆಚ್ಚು ಕೊಡಬೇಡಿ, ಮಳೆಗಾಲದ ಅಧ್ಯಾಯವನ್ನು ಈ ಬಿಡುಗಡೆಯಿಂದಲೇ ತೆಗೆದುಬಿಡಿ, ಫೋನ್ ಆವೃತ್ತಿಯ ಮಾತನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ‘ಗುಣಮಟ್ಟಕ್ಕಾಗಿ ಮುಂದೂಡುತ್ತಿದ್ದೇವೆ’ ಎಂಬ ಮಾತು ಕೇಳುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಮಾಡಬೇಕಾದ ಕೆಲಸ ಯಾವುದು, ಅದು ಎಂದಿಗೆ ಮುಗಿಯುತ್ತದೆ ಎಂಬುದು ಅದರಲ್ಲಿ ಇರುವುದಿಲ್ಲ. ಮುಂದೂಡುವುದಕ್ಕೆ ಹೆಸರಿಟ್ಟು ಹೇಳಬಹುದಾದ ಒಂದು ದೋಷ ಇರಬೇಕು, ಆ ದೋಷ ಕೊಂಡವರ ಶ್ರಮವನ್ನೋ ಹಣವನ್ನೋ ಹಾಳುಮಾಡುವಂಥದ್ದಾಗಿರಬೇಕು, ಮತ್ತು ಅದು ಹೋಯಿತೆಂದು ಪರೀಕ್ಷೆ ಮಾಡಿ ಹೇಳುವ ದಾರಿ ನಿಮ್ಮ ಕೈಯಲ್ಲಿರಬೇಕು. ಈ ಮೂರೂ ಕೂಡಿಬರುವುದು ನಿಮ್ಮ ಸೇವ್ ಫೈಲ್‌ನಲ್ಲಿ ಮತ್ತು ಕನ್ನಡ ಅಕ್ಷರಗಳಲ್ಲಿ.

ಸೇವ್ ಫೈಲ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದ ತೀರ್ಮಾನಗಳೆಲ್ಲ ಅದರ ಮೇಲೆ ನಿಂತಿವೆ. ‘ಕೆಲವೊಮ್ಮೆ’ ತೆರೆಯುವುದಿಲ್ಲ ಎಂದು ಬರೆದಿದ್ದೀರಿ. ಆ ‘ಕೆಲವೊಮ್ಮೆ’ ಎಷ್ಟು ಬಾರಿಗೆ ಒಮ್ಮೆ ಎಂದು ಎಣಿಸಿದ್ದೀರಾ? ನೂರು ಬಾರಿ ಸೇವ್ ಮಾಡಿದರೆ ಒಂದು ಬಾರಿ ಕೆಡುತ್ತದೆ ಎಂದಿಟ್ಟುಕೊಳ್ಳೋಣ. ನಾಲ್ವರ ತಂಡಕ್ಕೆ ಅದು ವಾರಕ್ಕೊಮ್ಮೆ ಎದುರಾಗುವ ಕಿರಿಕಿರಿ ಅಷ್ಟೆ. ಆದರೆ ಕೊಂಡವರೊಬ್ಬರು ಆಟ ಮುಗಿಸುವಷ್ಟರಲ್ಲಿ ಮೂವತ್ತು ಬಾರಿ ಸೇವ್ ಮಾಡುತ್ತಾರೆಂದರೆ, ಒಮ್ಮೆಯೂ ಕೆಡದೆ ಅವರು ಕೊನೆ ಮುಟ್ಟುವ ಸಂಭವ ಶೇಕಡ 74 ಮಾತ್ರ. ಎಂದರೆ ನಾಲ್ವರಲ್ಲಿ ಒಬ್ಬರು ತಾವು ಬೆಳೆಸಿದ ತೋಟವನ್ನೂ ಹುಳುಮನೆಯನ್ನೂ ಕಳೆದುಕೊಂಡು ಕುಳಿತುಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ನಾನು ಆಟಗಳ ಪರೀಕ್ಷಕಿಯಾಗಿದ್ದ ವರ್ಷಗಳಲ್ಲಿ ಇಂಥದ್ದೇ ಒಂದು ಬಗ್ ಎದುರಾಗಿತ್ತು. ದೋಷಪಟ್ಟಿಯಲ್ಲಿ ಅದರ ಮುಂದೆ ‘ಅಪರೂಪ’ ಎಂದು ಗುರುತು ಹಾಕಿದವಳು ನಾನೇ. ನಮ್ಮ ಕೋಣೆಯಲ್ಲಿ ಅದು ಅಪರೂಪವೇ ಆಗಿತ್ತು, ಏಕೆಂದರೆ ನಾವು ಯಾರೂ ಒಂದೇ ಸೇವ್ ಮೇಲೆ ಒಂದು ಗಂಟೆಗಿಂತ ಹೆಚ್ಚು ಆಡುತ್ತಿರಲಿಲ್ಲ. ಹಬ್ಬದ ಮಾರಾಟ ತಪ್ಪಬಾರದೆಂದು ಆಟ ಹೊರಬಂದ ಮೇಲೆ, ಮೂರನೆಯ ದಿನದಿಂದ ಬರತೊಡಗಿದ ಪತ್ರಗಳನ್ನು ಓದುವ ಕೆಲಸವೂ ನನ್ನ ಪಾಲಿಗೇ ಬಂತು. ಒಬ್ಬ ತಾಯಿ ಬರೆದಿದ್ದರು: ಹುಷಾರಿಲ್ಲದೆ ಮಲಗಿದ್ದ ಮಗ ಒಂದು ವಾರ ಕೂತು ಕಟ್ಟಿದ ಊರು ಈ ದಿನ ಬೆಳಿಗ್ಗೆ ತೆರೆಯುತ್ತಿಲ್ಲ, ಅದನ್ನು ಹೇಗಾದರೂ ವಾಪಸು ತಂದುಕೊಡಲು ಆಗುತ್ತದೆಯೇ ಎಂದು. ಆಗುತ್ತಿರಲಿಲ್ಲ. ಎರಡು ವಾರಗಳ ನಂತರ ದೋಷ ಸರಿಪಡಿಸುವ ಪ್ಯಾಚ್ ಬಂತು, ಬಗ್ ಹೋಯಿತು, ಆ ಹುಡುಗನ ಊರು ಮಾತ್ರ ಬರಲಿಲ್ಲ. ಆಮೇಲೆ ಸರಿಪಡಿಸಬಹುದಾದ ದೋಷ ಬೇರೆ, ಆಮೇಲೆ ಸರಿಪಡಿಸಿದರೂ ಆದ ನಷ್ಟ ಉಳಿದೇ ಉಳಿಯುವ ದೋಷ ಬೇರೆ. ಸೇವ್ ಫೈಲ್ ಕೆಡುವುದು ಎರಡನೆಯ ಜಾತಿಯದು.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಸಿಗುತ್ತದೆ. ನಿಮ್ಮ ಬಗ್ ಕಾಣಿಸಿಕೊಳ್ಳುವುದು ನಾಲ್ಕೈದು ಗಂಟೆಯ ನಂತರ. ಸಾಮಾನ್ಯ ನಿಯಮದಂತೆ ಹಣ ಕೇಳುವ ಅವಕಾಶ ಮುಗಿದ ಮೇಲೆ ಅವರಿಗೆ ಹೊಡೆತ ಬೀಳುತ್ತದೆ, ಆಗ ಅವರ ಕೈಯಲ್ಲಿ ಉಳಿಯುವುದು ವಿಮರ್ಶೆ ಬರೆಯುವ ಹಕ್ಕು ಮಾತ್ರ. ಹತ್ತು ವಿಮರ್ಶೆಗಳು ಬಂದೊಡನೆ ಸ್ಟೀಮ್ ನಿಮ್ಮ ಆಟಕ್ಕೆ ಒಟ್ಟು ಅಭಿಪ್ರಾಯದ ಹಣೆಪಟ್ಟಿ ಹಚ್ಚುತ್ತದೆ, ಮೆಚ್ಚಿದವರು ಶೇಕಡ 70ಕ್ಕಿಂತ ಕಡಿಮೆಯಾದರೆ ಅದು ‘ಮಿಶ್ರ’ ಎಂದಾಗುತ್ತದೆ. ಮೊದಲ ಹತ್ತು ಜನರಲ್ಲಿ ನಾಲ್ವರು ಮುನಿದರೆ ಸಾಕು. ಬಿಡುಗಡೆಯ ದಿನ ನಿಮ್ಮ ಮೂರು ಸಾವಿರ ಜನಕ್ಕೆ ‘ಆಟ ಬಂದಿದೆ’ ಎಂಬ ಇಮೇಲ್ ಹೋಗುತ್ತದೆ, ಆ ದಿನ ಮತ್ತೊಮ್ಮೆ ಬರುವುದಿಲ್ಲ.

ಕಾರಣದ ಬಗ್ಗೆ ನನ್ನ ಊಹೆ ಹೇಳುತ್ತೇನೆ, ನೀವು ಪರೀಕ್ಷಿಸಿ ನೋಡಿ. ಗಂಟೆಗಳು ಕಳೆದಂತೆ ತೋಟ, ಹುಳು, ಲೆಕ್ಕಪತ್ರ ಎಲ್ಲ ಸೇರಿ ಫೈಲ್ ದೊಡ್ಡದಾಗುತ್ತದೆ, ಬರೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಹಳೆಯ ಫೈಲ್‌ನ ಮೇಲೆಯೇ ನೇರವಾಗಿ ಹೊಸದನ್ನು ಬರೆಯುತ್ತಿದ್ದರೆ, ಅರ್ಧ ಬರೆಯುವಾಗ ಕರೆಂಟ್ ಹೋದರೆ ಅಥವಾ ಆಟ ಮುಚ್ಚಿಕೊಂಡರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹೊಸ ಮಾಹಿತಿಯನ್ನು ಬೇರೆ ಹೆಸರಿನ ತಾತ್ಕಾಲಿಕ ಫೈಲ್‌ಗೆ ಪೂರ್ತಿ ಬರೆದು, ಅದು ಸರಿಯಾಗಿ ಓದಲು ಬರುತ್ತದೆಯೇ ಎಂದು ನೋಡಿ, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರಬೇಕು. ಹಿಂದಿನ ಎರಡು ಪ್ರತಿಗಳನ್ನಾದರೂ ಉಳಿಸಿಕೊಳ್ಳಬೇಕು. ಪ್ರತಿ ಸೇವ್‌ನ ತಲೆಯಲ್ಲಿ ಆಟದ ಆವೃತ್ತಿಯ ಸಂಖ್ಯೆ ಇರಬೇಕು, ಇಲ್ಲದಿದ್ದರೆ ಮುಂದೆ ನೀವು ಬಿಡುವ ಯಾವ ಪ್ಯಾಚ್ ಬೇಕಾದರೂ ಹಳೆಯ ಸೇವ್‌ಗಳನ್ನು ಮುರಿಯಬಹುದು. ಇದಿಷ್ಟನ್ನು ಬರೆಯಲು ಹೆಚ್ಚೆಂದರೆ ಒಂದು ವಾರ ಸಾಕು. ಸಮಯ ಬೇಕಾಗಿರುವುದು ಸರಿಯಾಯಿತೆಂದು ಖಚಿತಮಾಡಿಕೊಳ್ಳುವುದಕ್ಕೆ. ಬ್ಯಾಟರಿಯಿಲ್ಲದ ಒಂದು ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡು, ಐದು ಗಂಟೆ ಆಡಿದ ಸೇವ್ ಒಂದನ್ನು ತೆರೆದು, ಸೇವ್ ಗುಂಡಿ ಒತ್ತಿದ ಕ್ಷಣವೇ ಗೋಡೆಯ ಸ್ವಿಚ್ ಆರಿಸಿ. ಮತ್ತೆ ಹಚ್ಚಿ, ಫೈಲ್ ತೆರೆಯುತ್ತದೆಯೇ ನೋಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಹೀಗೆ ಮುನ್ನೂರು ಬಾರಿ. ನಾಲ್ವರು ಸರದಿಯಲ್ಲಿ ಮಾಡಿದರೆ ಒಂದು ವಾರದ ಕೆಲಸ, ಬೇಸರದ ಕೆಲಸವೂ ಹೌದು. ಆದರೆ ಮುನ್ನೂರರಲ್ಲಿ ಒಂದೂ ಕೆಡಲಿಲ್ಲವೆಂದರೆ ಆಗ ನಿಮ್ಮ ಮಾತಿಗೆ ಆಧಾರವಿರುತ್ತದೆ.

‘ಈಗ ಬಿಟ್ಟು ಆಮೇಲೆ ಸರಿಪಡಿಸೋಣ’ ಎನ್ನುವ ಸ್ನೇಹಿತರು ಬಹುಶಃ ನೋ ಮ್ಯಾನ್ಸ್ ಸ್ಕೈ ಆಟವನ್ನು ನೆನೆಯುತ್ತಿರಬಹುದು. 2016ರ ಆಗಸ್ಟ್‌ನಲ್ಲಿ ಅದು ಬಂದಾಗ ಹೇಳಿದ್ದರಲ್ಲಿ ಎಷ್ಟೋ ಇರಲಿಲ್ಲವೆಂದು ಆಟಗಾರರು ಕೆರಳಿದ್ದರು. ಬ್ರಿಟನ್ನಿನ ಹೆಲೋ ಗೇಮ್ಸ್ ಎಂಬ ಸಣ್ಣ ತಂಡ ವರ್ಷಗಟ್ಟಲೆ ಉಚಿತ ಅಪ್‌ಡೇಟ್‌ಗಳನ್ನು ಕೊಟ್ಟು ಅದನ್ನು ಮೇಲೆತ್ತಿತು. ಆದರೆ ಸ್ಟೀಮ್‌ನಲ್ಲಿ ಅದರ ಒಟ್ಟು ಅಭಿಪ್ರಾಯ ‘ಬಹಳ ಉತ್ತಮ’ ಎಂಬಲ್ಲಿಗೆ ಏರಿದ್ದು 2024ರ ನವೆಂಬರ್‌ನಲ್ಲಿ. ಎಂಟು ವರ್ಷ ದುಡಿಯಲು ಆ ತಂಡಕ್ಕೆ ಸಾಧ್ಯವಾದದ್ದು ಮೊದಲ ತಿಂಗಳಲ್ಲೇ ಅಪಾರ ಮಾರಾಟ ಆಗಿದ್ದರಿಂದ. ನಿಮಗೆ ಆ ಮೊದಲ ತಿಂಗಳ ಹಣ ಬರುವ ಖಾತರಿಯಿಲ್ಲ.

ಮುಂದೂಡೋಣ ಎನ್ನುವ ಇಬ್ಬರಿಗೂ ಒಂದು ಉದಾಹರಣೆ ಹೇಳಬೇಕು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ತನ್ನ ಸೈಬರ್‌ಪಂಕ್ 2077 ಆಟವನ್ನು 2020ರ ಏಪ್ರಿಲ್ 16ರಿಂದ ಸೆಪ್ಟೆಂಬರ್ 17ಕ್ಕೆ, ಅಲ್ಲಿಂದ ನವೆಂಬರ್ 19ಕ್ಕೆ, ಅಲ್ಲಿಂದ ಡಿಸೆಂಬರ್ 10ಕ್ಕೆ ಮುಂದೂಡಿತು. ಮೂರು ಸಲ ಮುಂದೂಡಿದ ಮೇಲೂ ಹಳೆಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಯಂತ್ರಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ, ಬಿಡುಗಡೆಯಾಗಿ ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಅದು ವಾಪಸು ಬಂದದ್ದು 2021ರ ಜೂನ್‌ನಲ್ಲಿ. ಕೊನೆಯ ಮುಂದೂಡಿಕೆ 21 ದಿನಗಳದು. ಹಳೆಯ ಯಂತ್ರಗಳಿಗೆ ಭಾರವಾದ ಒಂದು ಬೃಹತ್ ನಗರವನ್ನು 21 ದಿನಗಳಲ್ಲಿ ಹಗುರ ಮಾಡಲಾಗುವುದಿಲ್ಲ. ತೊಂದರೆಯ ಅಳತೆ ಒಂದು, ಮುಂದೂಡಿದ ದಿನಗಳ ಅಳತೆ ಇನ್ನೊಂದು ಆದರೆ ದಿನಾಂಕ ಮಾತ್ರ ಬದಲಾಗುತ್ತದೆ. ಇನ್ನೊಂದು ಕೊನೆಯಲ್ಲಿ ಡ್ಯೂಕ್ ನ್ಯೂಕೆಮ್ ಫಾರೆವರ್ ಇದೆ: 1997ರಲ್ಲಿ ಘೋಷಿಸಿ, ನಡುವೆ ಎಂಜಿನ್ ಬದಲಿಸಿ, ಹೊಸದು ಕಂಡಾಗಲೆಲ್ಲ ಅದನ್ನೂ ಸೇರಿಸಲು ಹೊರಟು, 2011ರಲ್ಲಿ ಬಿಡುಗಡೆಯಾಯಿತು, ಬಂದಾಗ ಹಳತಾಗಿತ್ತು.

ಕನ್ನಡ ಅಕ್ಷರಗಳ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಆದರೆ ನನಗೆ ಅದು ಸೇವ್ ಫೈಲ್‌ನಷ್ಟೇ ದೊಡ್ಡದು. ರೇಷ್ಮೆ ಸಾಕಣೆಯ ಆಟದಲ್ಲಿ ಪರದೆಯ ಮೇಲೆ ಅತಿ ಹೆಚ್ಚು ಬಾರಿ ಬರುವ ಪದ ‘ಸೊಪ್ಪು’. ಅದು ‘ಸೊಪ್‌ಪು’ ಎಂದೂ, ‘ಸೂರ್ಯ’ ಎಂಬುದು ‘ಸೂರ್‌ಯ’ ಎಂದೂ ಕಾಣುತ್ತಿದ್ದರೆ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯನ್ನು ಅಷ್ಟು ಪ್ರೀತಿಯಿಂದ ಚಿತ್ರಿಸಿದವರು ಅಲ್ಲಿಯ ಮಾತನ್ನು ಒಡೆದು ಬಡಿಸಿದಂತಾಗುತ್ತದೆ. ಇದು ಫಾಂಟ್‌ನ ದೋಷವಲ್ಲ. ಯೂನಿಟಿಯಲ್ಲಿ ಸಾಮಾನ್ಯವಾಗಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಇಡುತ್ತದೆಯೇ ಹೊರತು, ಸ್ವರ ತೆಗೆಯುವ ‘್’ ಗುರುತಿನ ನಂತರದ ವ್ಯಂಜನವನ್ನು ಒತ್ತಾಗಿಸಿ ಕೆಳಗೆ ಕೂರಿಸುವ, ಅರ್ಕಾವತ್ತನ್ನು ಬಲಕ್ಕೆ ತರುವ ಜೋಡಣೆಯ ಕೆಲಸವನ್ನು ಮಾಡುವುದಿಲ್ಲ. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಆ ಕೆಲಸಕ್ಕೆಂದೇ ಇದೆ. ಗೊಡೋ 4 ಎಂಜಿನ್ ಅದನ್ನು ಒಳಗೇ ಇಟ್ಟುಕೊಂಡಿದೆ. ನೀವು ಈಗ ಎಂಜಿನ್ ಬದಲಿಸುವ ಮಾತನ್ನೇ ಆಡಬೇಡಿ. ಹಾರ್ಫ್‌ಬಜ್ ಬಳಸುವ ಪ್ಲಗಿನ್ (ಎಂಜಿನ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಒಂದನ್ನು ಜೋಡಿಸಿ. ಅದು ಎರಡು ವಾರಗಳಲ್ಲಿ ಕೈಗೂಡದಿದ್ದರೆ, ಬದಲಾಗದ ಪದಗಳನ್ನೆಲ್ಲ ಮೊದಲೇ ಸರಿಯಾಗಿ ಜೋಡಿಸಿದ ಚಿತ್ರಗಳಾಗಿ ಮಾಡಿ ಹಾಕಿ, ಅಂಕಿಗಳನ್ನು ಮಾತ್ರ ಬಿಡಿಯಾಗಿ ಇಡಿ. ಎರಡನೆಯದು ತೇಪೆ ಎಂಬುದು ನಿಜ. ಆದರೂ ಓದುವವರಿಗೆ ‘ಸೊಪ್ಪು’ ಸೊಪ್ಪಾಗಿಯೇ ಕಾಣುತ್ತದೆ. ಪರೀಕ್ಷೆಯೂ ಸುಲಭ: ಆಟದ ಎಲ್ಲ ಸಾಲುಗಳನ್ನೂ ಒಂದೇ ಪರದೆಯಲ್ಲಿ ಸಾಲಾಗಿ ಹರಿಸಿ, ಊರಿನ ಶಾಲೆಯ ಕನ್ನಡ ಮೇಷ್ಟ್ರೊಬ್ಬರನ್ನು ಕೂರಿಸಿ ಓದಿಸಿ.

ಹಳೆಯ ಲ್ಯಾಪ್‌ಟಾಪ್‌ಗಳ ತಡವರಿಕೆಗೆ ನೆರಳು, ಎಲೆಗಳ ಸಂಖ್ಯೆ ಮತ್ತು ಪರದೆಯ ಅಳತೆಯನ್ನು ಇಳಿಸುವ ಆಯ್ಕೆ ಕೊಡಿ, ಯಾವ ಯಂತ್ರದಲ್ಲಿ ನೀವು ನಿಜವಾಗಿ ಓಡಿಸಿ ನೋಡಿದ್ದೀರೋ ಅದನ್ನೇ ಕನಿಷ್ಠ ಅಗತ್ಯವೆಂದು ಬರೆಯಿರಿ. ಅಲ್ಲಿಗೆ ಬಿಡಿ.

ಮಳೆಗಾಲದ ಅಧ್ಯಾಯದ ಬಗ್ಗೆ ನಿಮಗೆ ನೋವಾಗಬಹುದು, ಆದರೂ ಹೇಳಬೇಕಾಗಿದೆ. ಮುಂದೂಡಿದೊಡನೆ ಎಲ್ಲ ತಂಡಗಳಲ್ಲೂ ನಡೆಯುವುದು ಒಂದೇ: ಸಿಕ್ಕ ಸಮಯದಲ್ಲಿ ದೋಷ ತೆಗೆಯುವ ಬದಲು ಹೊಸದನ್ನು ಸೇರಿಸುತ್ತಾರೆ, ಸೇರಿಸಿದ ಹೊಸದು ತನ್ನ ಪಾಲಿನ ದೋಷಗಳನ್ನು ತರುತ್ತದೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ಏಳೆಂಟು ದಿನ ಸೊಪ್ಪು ತಿಂದು ಹಣ್ಣಾಗುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಅದು ಸೊಪ್ಪು ಬಿಡುತ್ತದೆ, ಮೈ ಕುಗ್ಗಿ ಬೆಳಕು ಹಾಯುವಂತಾಗುತ್ತದೆ, ತಲೆಯೆತ್ತಿ ಆಡಿಸುತ್ತದೆ. ಮನೆಯವರು ಕ್ಯಾಲೆಂಡರ್ ನೋಡದೆ ಈ ಗುರುತು ನೋಡಿ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಾರೆ. ಹಣ್ಣಾಗದ್ದನ್ನು ಬಿಟ್ಟರೆ ಗೂಡು ತೆಳುವಾಗುತ್ತದೆ, ಹಣ್ಣಾದದ್ದನ್ನು ಇಟ್ಟುಕೊಂಡು ಕುಳಿತರೆ ಅದು ಸೊಪ್ಪಿನ ನಡುವೆಯೇ ನೂಲು ಬಿಡುತ್ತದೆ. ನಿಮ್ಮ ಆಟಕ್ಕೂ ಹಣ್ಣಾದ ಗುರುತುಗಳನ್ನು ಈ ವಾರವೇ ಕಾಗದದ ಮೇಲೆ ಬರೆದಿಡಿ. ನನ್ನನ್ನು ಕೇಳಿದರೆ ಅವು ಮೂರು: ಸ್ವಿಚ್ ಪರೀಕ್ಷೆಯಲ್ಲಿ ಮುನ್ನೂರಕ್ಕೆ ಮುನ್ನೂರು, ನಿಮ್ಮ ಪರಿಚಯದವರಲ್ಲದ ಹತ್ತು ಮಂದಿ ನಿಮ್ಮನ್ನು ಏನೂ ಕೇಳದೆ ಕೊನೆಯವರೆಗೆ ಆಡಿ ಮುಗಿಸಿರುವುದು, ಕೊನೆಯ ಹತ್ತು ದಿನಗಳಲ್ಲಿ ಆಟ ನಿಲ್ಲಿಸುವಂಥ ಹೊಸ ದೋಷ ಸಿಗದಿರುವುದು. ಮಳೆಗಾಲ ಈ ಪಟ್ಟಿಯಲ್ಲಿ ಇಲ್ಲ. ಬಿಡುಗಡೆಯಾಗಿ ಆರು ತಿಂಗಳಿಗೆ ಅದನ್ನು ಉಚಿತವಾಗಿ ಕೊಟ್ಟರೆ ಕೊಂಡವರು ಸಂತೋಷದಿಂದಲೇ ಮತ್ತೆ ಬರುತ್ತಾರೆ.

ಹಣ ಮತ್ತು ಮನುಷ್ಯರ ಮಾತಿಗೆ ಬರುತ್ತೇನೆ. ಹಾಲೋ ನೈಟ್: ಸಿಲ್ಕ್‌ಸಾಂಗ್ ಮಾಡಿದ ಆಸ್ಟ್ರೇಲಿಯಾದ ಪುಟ್ಟ ತಂಡ 2019ರಲ್ಲಿ ಘೋಷಿಸಿ 2025ರ ಸೆಪ್ಟೆಂಬರ್ 4ರಂದು ಬಿಡುಗಡೆ ಮಾಡಿತು ಎಂದು ಎಲ್ಲರೂ ತಾಳ್ಮೆಯ ಮಾದರಿಯಾಗಿ ತೋರಿಸುತ್ತಾರೆ, ಅವರ ಮೊದಲ ಆಟ ಲಕ್ಷಗಟ್ಟಲೆ ಮಾರಾಟವಾಗಿ ಅವರನ್ನು ಸಾಕುತ್ತಿತ್ತು ಎಂಬುದನ್ನು ಮರೆಯುತ್ತಾರೆ. ನಿಮಗೆ ಹತ್ತಿರದ ಉದಾಹರಣೆ ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ಕೂತು, ರಂಗಮಂದಿರವೊಂದರಲ್ಲಿ ಅರೆಕಾಲಿಕ ಕೆಲಸ ಮಾಡುತ್ತ ಆ ಕೃಷಿ ಆಟವನ್ನು ಕಟ್ಟಿ, 2016ರ ಫೆಬ್ರವರಿಯಲ್ಲಿ ತಂದರು. ದುಡಿಮೆಯ ಇನ್ನೊಂದು ದಾರಿ ಇದ್ದವರು ಕಾಯಬಹುದು. ನಿಮ್ಮ ತಂಡದಲ್ಲಿ ಆ ಗಡಿ ಸೆಪ್ಟೆಂಬರ್ ಕೊನೆ. ಆದ್ದರಿಂದ ರಜೆ ಮುಗಿಯುವ ಸ್ನೇಹಿತ ಬರೆದ ಭಾಗಗಳ ದೋಷಗಳನ್ನೇ ಮೊದಲು ಎತ್ತಿಕೊಳ್ಳಿ, ಸೆಪ್ಟೆಂಬರ್ 15ರ ನಂತರ ಅವರ ಮೇಲೆ ಹೊಸ ಕೆಲಸ ಹೊರಿಸಬೇಡಿ, ಉಳಿದ ಹದಿನೈದು ದಿನ ಅವರು ಮತ್ತೊಬ್ಬರಿಗೆ ತಮ್ಮ ಕೋಡ್ ಅರ್ಥಮಾಡಿಸಲಿ. ಮುಂದೂಡಿದ ತಿಂಗಳುಗಳಲ್ಲಿ ರಾತ್ರಿಯೆಲ್ಲ ಕೂರಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮುಂದೂಡಿಕೆ ಎಂದರೆ ಉಸಿರಾಡಲು ಸಮಯ ಎಂದು ಹೊರಗಿನವರು ತಿಳಿಯುತ್ತಾರೆ, ನಾನು ಕಂಡದ್ದು ಹೆಚ್ಚಾಗಿ ಅದೇ ಓವರ್‌ಟೈಮ್ ಇನ್ನೆರಡು ತಿಂಗಳು ಬೆಳೆದದ್ದನ್ನು. ನಿದ್ದೆಗೆಟ್ಟು ತೆಗೆದ ಒಂದು ದೋಷದ ಬೆನ್ನಿಗೆ ಎರಡು ದೋಷಗಳು ಹುಟ್ಟಿದ್ದನ್ನು ನಾನೇ ಪಟ್ಟಿಗೆ ಸೇರಿಸಿದ್ದೇನೆ.

ಅರ್ಲಿ ಆಕ್ಸೆಸ್, ಎಂದರೆ ಆಟ ಮುಗಿಯುವ ಮೊದಲೇ ‘ಅಪೂರ್ಣ’ ಎಂದು ಹೇಳಿ ಮಾರುವ ನಡುದಾರಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಇಂದಲ್ಲ ನಾಳೆ ಯಾರಾದರೂ ಹೇಳುತ್ತಾರೆ. ಬಾಲ್ಡರ್ಸ್ ಗೇಟ್ 3 ಸುಮಾರು ಮೂರು ವರ್ಷ ಆ ದಾರಿಯಲ್ಲಿದ್ದು 2023ರಲ್ಲಿ ಪೂರ್ಣಗೊಂಡಿತು. ಅಲ್ಲಿ ಆಟಗಾರರು ಅಪೂರ್ಣತೆಯನ್ನು ಕ್ಷಮಿಸುತ್ತಾರೆ, ಸೇವ್ ಕಳೆಯುವುದನ್ನು ಕ್ಷಮಿಸುವುದಿಲ್ಲ. ಸೇವ್ ಗಟ್ಟಿಯಾದ ಮೇಲೂ ಹಣದ ಒತ್ತಡ ತಡೆಯಲಾಗದಿದ್ದರೆ ಮಾತ್ರ ಅದನ್ನು ಯೋಚಿಸಿ. ಫೋನ್ ಆವೃತ್ತಿಗೆ ಬೇರೆಯೇ ಸಿದ್ಧತೆ ಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಗೂಗಲ್ ಪ್ಲೇ ಕನಿಷ್ಠ 12 ಪರೀಕ್ಷಕರಿಂದ ಸತತ 14 ದಿನಗಳ ಮುಚ್ಚಿದ ಪರೀಕ್ಷೆಯನ್ನು (ಆಯ್ದವರಿಗಷ್ಟೇ ತೆರೆದದ್ದು) ಕಡ್ಡಾಯ ಮಾಡಿದೆ, ಅಲ್ಲದೆ ಬಳಕೆದಾರರ ಕಣ್ಣಿಗೆ ಬೀಳುವಂತೆ ಆ್ಯಪ್ ಕುಸಿದು ಮುಚ್ಚಿಕೊಳ್ಳುವ ಪ್ರಮಾಣ ಶೇಕಡ 1.09 ದಾಟಿದರೆ ಆ್ಯಪ್ ಜನರಿಗೆ ಕಾಣುವುದೇ ಕಡಿಮೆಯಾಗಬಹುದು. ಹಳೆಯ ಲ್ಯಾಪ್‌ಟಾಪ್‌ನಲ್ಲಿ ತಡವರಿಸುವ ಆಟವನ್ನು ಅಗ್ಗದ ಫೋನ್‌ಗಳಿಗೆ ಈಗಲೇ ಒಯ್ಯುವುದು ಬೇಡ.

ಉಳಿದದ್ದು ದಿನಾಂಕ. ಬರಲಿರುವ ಆಟಗಳ ಉತ್ಸವವಾದ ಅಕ್ಟೋಬರ್‌ನ ಸ್ಟೀಮ್ ನೆಕ್ಸ್ಟ್ ಫೆಸ್ಟ್‌ನಲ್ಲಿ ಡೆಮೊ (ಆಡಿ ನೋಡಲು ಆಟದ ಒಂದು ತುಣುಕು) ಇಟ್ಟು, ನವೆಂಬರ್‌ನಲ್ಲಿ ಬಿಡುಗಡೆ ಮಾಡುವುದು ನನಗೆ ಸರಿ ಕಾಣುತ್ತದೆ. ಒಂದು ಆಟಕ್ಕೆ ಆ ಉತ್ಸವದಲ್ಲಿ ಒಂದೇ ಬಾರಿ ಅವಕಾಶ, ಬಿಡುಗಡೆಯಾದ ಮೇಲೆ ಅದೂ ಇಲ್ಲ. ನೋಂದಣಿಯ ಗಡುವು ಹಲವು ವಾರ ಮೊದಲೇ ಮುಗಿಯುವುದರಿಂದ ಇಂದೇ ನೋಡಿಕೊಳ್ಳಿ. ಸೇವ್ ಕೆಡುವ ಕಾರಣ ಕೈಗೆ ಸಿಗುವವರೆಗೆ ಹೊಸ ದಿನಾಂಕವನ್ನು ಎಲ್ಲೂ ಹೇಳಬೇಡಿ, ಅಂಗಡಿಯ ಪುಟದಲ್ಲಿ ‘ಶೀಘ್ರದಲ್ಲಿ’ ಎಂದಷ್ಟೇ ಇರಲಿ. ಸಿಕ್ಕ ಮೇಲೆ ತಿಂಗಳನ್ನು ಮಾತ್ರ ಹೇಳಿ. ಜನರಿಗೆ ತಿಳಿಸುವಾಗ ಸುತ್ತಿ ಬಳಸದೆ, ದೀರ್ಘಕಾಲ ಆಡಿದ ಸೇವ್‌ಗಳು ಕೆಡುತ್ತಿವೆ, ಕನ್ನಡ ಅಕ್ಷರಗಳು ಒಡೆಯುತ್ತಿವೆ, ಇವೆರಡನ್ನು ಸರಿಪಡಿಸದೆ ನಿಮ್ಮಿಂದ ಹಣ ತೆಗೆದುಕೊಳ್ಳುವುದಿಲ್ಲ ಎಂದು ಬರೆಯಿರಿ. ಬಿಡುಗಡೆಗೆ ಎರಡು ವಾರದೊಳಗೆ ಬಂದುಬಿಟ್ಟರೆ ದಿನಾಂಕವನ್ನು ನೀವಾಗಿ ಬದಲಿಸಲು ಸ್ಟೀಮ್ ಬಿಡುವುದಿಲ್ಲ, ಅವರನ್ನು ಕೇಳಿಕೊಳ್ಳಬೇಕಾಗುತ್ತದೆ. ಆದ್ದರಿಂದ ನಾಲ್ವರೂ ಕೂತು ಮಾತಾಡಿ, ಆಗಸ್ಟ್ 14ಕ್ಕೆ ಕಾಯದೆ ಈ ಭಾನುವಾರವೇ ಬದಲಿಸಿ.